ಪೊಡಿಯಬ್ಬ ಕಾಕಾನ ವಾಕ್‌ಮನ್

ಮೂವತ್ತಾರು ವರ್ಷದ ನೌಕರಿ ಮುಗಿಯಿತು ಎಂದು ಕಂಪನಿ ಕೊಟ್ಟ ಕಾಗದವನ್ನು ಪೊಡಿಯಬ್ಬ ಕಾಕಾ ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ಕಾಗದ ಕೊಟ್ಟ ಮ್ಯಾನೇಜರಿಗೆ, "ಟೀ ತರ್ಲಾ ಸರ್?" ಎಂದು ಕೇಳಿ ಹೊರಗೆ ಬಂದರು. ಅದೇ ದಿನ ಮಧ್ಯಾಹ್ನ ಅವರ ವಾಕ್‌ಮನ್ ಪ್ಯಾಂಟ್ರಿಯ ಸಿಂಕಿನೊಳಗೆ, ನೆನೆಹಾಕಿದ ಕಪ್ಪುಗಳ ನಡುವೆ ಬಿತ್ತು. ಆಗ ಮಾತ್ರ ಅವರು ನಳ ನಿಲ್ಲಿಸುವುದನ್ನೂ ಮರೆತು ನಿಂತುಬಿಟ್ಟರು.

ನಳ ನಿಲ್ಲಿಸಿದವಳು ನಾನು. ನನ್ನ ಹೆಸರು ಸಹನಾ, ಊರು ಗದಗ. ಕತಾರಿನ ದೋಹಾ ಅಲ್ ಜದೀದಾ ಬಡಾವಣೆಯ ಈ ಕಾಂಟ್ರಾಕ್ಟಿಂಗ್ ಕಂಪನಿಯಲ್ಲಿ ಕಟ್ಟಡದ ನಕ್ಷೆಗಳನ್ನೂ ಪತ್ರಗಳನ್ನೂ ಜೋಡಿಸಿಡುವುದು ನನ್ನ ಕೆಲಸ. ಹೆಸರಿಗೆ ತಕ್ಕ ಸಹನೆ ನನಗಿಲ್ಲ ಎಂದು ಗಂಡ ಸಂಜೀವ ದಿನಾ ಹೇಳುತ್ತಾನೆ. ಕಾಕಾ ಉಳ್ಳಾಲದ ಬ್ಯಾರಿ, ವಯಸ್ಸು ಅರವತ್ತಮೂರು. ಕಂಪನಿಯ ಕಾಗದದಲ್ಲಿ ಮಾತ್ರ ಇನ್ನೂ 'ಟೀ ಬಾಯ್'. ಆ ಪದ ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ, ಅವರಿಗೆ ಏನೂ ಆಗುವುದಿಲ್ಲ. ಅವರಿಗೆ ಯಾವುದರಿಂದಲೂ ಏನೂ ಆಗುವುದಿಲ್ಲ ಎಂದೇ ನಾವೆಲ್ಲ ತಿಳಿದಿದ್ದೆವು.

"ಹೋಯ್ತು ತಂಗಿ," ಅಂದರು ಕಾಕಾ, ಒದ್ದೆ ವಾಕ್‌ಮನ್ ಅಂಗೈಯಲ್ಲಿ ಹಿಡಿದು.

"ಹೋದ್ರ ಹೋಗವಲ್ದ್ಯಾಕ ಕಾಕಾ. ತಿಂಗಳಿಗೆ ಊರಿಗೆ ಹೊಂಟೀರಿ. ಅಲ್ಲಿ ಮನಿ ಮಂದಿ ಇರ್ತಾರ, ಇದನ್ನ ಯಾರು ಕೇಳ್ತಾರ್ರಿ?"

"ಊರಿಗೆ ಹೋಗುದಕ್ಕೇ ಇದು ಬೇಕು." ಸಕ್ಕರೆ ಮುಗಿದಿದೆ ಎಂದು ಹೇಳುವ ದನಿಯಲ್ಲೇ ಮುಂದುವರಿಸಿದರು. "ಮಕ್ಕಳೆಲ್ಲ ಅವರವರ ಮನೆಯಲ್ಲಿದ್ದಾರೆ. ಇನ್ನು ನಾನು, ಸೌದಾ ಇಬ್ರೇ. ರಜೆಯಲ್ಲಿ ಎರಡು ತಿಂಗಳಾದ್ರೆ ಹೇಗೋ ಕಳೀತದೆ. ಇನ್ನು ದಿನಾ ಬೆಳಿಗ್ಗೆಯಿಂದ ಅವಳೊಟ್ಟಿಗೆ ಎಂತ ಮಾತಾಡುದು? ಇದನ್ನು ಕಿವಿಗೆ ಹಾಕಿ ಜಗಲಿಯಲ್ಲಿ ಕೂತ್ರೆ ಅವಳಿಗೂ ತೊಂದ್ರೆ ಇಲ್ಲ, ನನಗೂ ಇಲ್ಲ."

ಹೆಂಡತಿಯ ಜೊತೆ ಬಾಳಲಿಕ್ಕೆ ಕಿವಿ ಮುಚ್ಚುವ ಯಂತ್ರ ಬೇಕು ಎಂದು ಒಬ್ಬ ಗಂಡಸು ನನ್ನೆದುರು ಹೇಳಿದರೆ ನಾನು ಸುಮ್ಮನಿರುವವಳಲ್ಲ. ಆದರೆ ಆವತ್ತು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಮದುವೆಯಾದ ಎಂಟೇ ತಿಂಗಳಿಗೆ ಇಲ್ಲಿಗೆ ಬಂದವರು, ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು ಊರು ಕಂಡವರು. ಎಲ್ಲ ಕೂಡಿಸಿದರೂ ಗಂಡ ಹೆಂಡತಿ ಒಂದೇ ಸೂರಿನ ಕೆಳಗೆ ನಾಲ್ಕು ವರ್ಷ ಇದ್ದಿರಲಾರರು.

ಸಂಜೆ ಹಿಂದಿನ ಬೀದಿಯಲ್ಲಿರುವ ಫವಾಝ್ ಅವರ ಅಂಗಡಿಗೆ ಹೋದೆವು. ಮೊಬೈಲ್ ರಿಪೇರಿಯಲ್ಲೇ ಕೂದಲು ಬೆಳ್ಳಗಾಗಿಸಿಕೊಂಡ ಮನುಷ್ಯ. ವಾಕ್‌ಮನ್ ಬಿಚ್ಚಿ ನೋಡಿ, "ಬೆಲ್ಟ್ ಮೊದ್ಲೇ ಸತ್ತಿತ್ತು, ಈಗ ಮೋಟರಿಗೂ ನೀರು ಹೋಗಿದೆ. ಖಲಾಸ್ ಕಾಕಾ. ಪಾರ್ಟ್ಸ್ ಮಾಫಿ, ಎಲ್ಲೂ ಸಿಗುದಿಲ್ಲ," ಅಂದರು. ಬೆರಳಿನಷ್ಟು ಉದ್ದದ ಒಂದು ಪ್ಲೇಯರ್ ತೋರಿಸಿ, ಇದರಲ್ಲಿ ಮೂರು ಸಾವಿರ ಹಾಡು ತುಂಬಿಸಿ ಕೊಡುತ್ತೇನೆ ಎಂದರು.

"ನನ್ನ ಹತ್ರ ಹನ್ನೊಂದು ಕ್ಯಾಸೆಟ್ ಉಂಟು," ಅಂದರು ಕಾಕಾ. "ಅಷ್ಟು ಸಾಕು."

"ಅದರಲ್ಲಿರುವ ಮದುವೆ ಹಾಡೆಲ್ಲ ಫೋನಿನಲ್ಲೇ ಸಿಗ್ತದೆ."

"ಫೋನಾದ್ರೆ ನಡುವೆ ಕಾಲ್ ಬರ್ತದೆ."

ಫವಾಝ್ ನನ್ನ ಮುಖ ನೋಡಿದರು. ನಾನು ಅಲ್ಲೇ ನಿಂತು ನನ್ನ ಫೋನಿನಲ್ಲಿ ಹುಡುಕಿ ಹೊಸ ಕ್ಯಾಸೆಟ್ ಪ್ಲೇಯರ್ ಒಂದನ್ನು ತರಿಸಿದೆ. ಈ ಕಾಲದಲ್ಲೂ ಅಂಥದ್ದನ್ನು ಚೀನಾದಲ್ಲಿ ಮಾಡುತ್ತಾರೆ ಎಂದು ನನಗೂ ಗೊತ್ತಿರಲಿಲ್ಲ. ಹನ್ನೆರಡು ದಿನಕ್ಕೆ ಬಂತು. ಒಳಗಿನ ಚಕ್ರವೆಲ್ಲ ಕಾಣುವ ಪಾರದರ್ಶಕ ಪ್ಲಾಸ್ಟಿಕ್ಕು, ಮಗುವಿನ ಟಿಫಿನ್ ಡಬ್ಬಿಗಿಂತ ಹಗುರ. ಒಂದು ಪುಟ್ಟ ಸ್ಪೀಕರ್ ಕೂಡ ಇತ್ತು.

ಕಾಕಾ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ನಂಬಿಕೆ ಬರಲಿಲ್ಲ. ಹೊಸ ಮಿಷನ್ನು ಟೇಪನ್ನು ಎಳೆದು ತಿಂದುಹಾಕಿದರೆ ಹಾಡಿನ ಕ್ಯಾಸೆಟ್ ಹೋದ ಹಾಗೆಯೇ. ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಪ್ಯಾಂಟ್ರಿಗೆ ಬಟ್ಟೆಯ ಚೀಲ ತಂದು, ಅದರ ತಳದಿಂದ ಹೆಸರು ಬರೆಯದ ಒಂದು ಕ್ಯಾಸೆಟ್ ತೆಗೆದರು.

"ಇದನ್ನು ಹಾಕಿ ನೋಡುವ. ಹಾಳಾದ್ರೂ ಅಡ್ಡಿಲ್ಲ. ಇದ್ರಲ್ಲಿ ನಾನೇ ಇರುದು."

ನಾನು ಡಬ್ಬಿ ಬಿಚ್ಚಿಕೊಂಡು ಊಟಕ್ಕೆ ಕೂತಿದ್ದೆ. ಅದೇನೆಂದು ಕೇಳಿದೆ. ಅದು ಕಾಗದದ ಕ್ಯಾಸೆಟ್ಟಂತೆ. ಆಗೆಲ್ಲ ಓದು ಬರಹ ಕಡಿಮೆ, ಫೋನು ದುಬಾರಿ. ಊರಿನಿಂದ ಮನೆಯವರು ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಇಲ್ಲಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಇಲ್ಲಿಯವರು ಕೇಳಿ, ಅದೇ ಕ್ಯಾಸೆಟ್ಟಿನ ಮೇಲೆ ತಮ್ಮ ಉತ್ತರ ತುಂಬಿಸಿ ಊರಿಗೆ ಹೋಗುವವರ ಕೈಯಲ್ಲಿ ವಾಪಸು ಕಳಿಸುತ್ತಿದ್ದರು. ಒಂದೇ ಕ್ಯಾಸೆಟ್ಟು ಹೋಗುತ್ತ ಬರುತ್ತ ಇರುವುದು, ಹಳೆಯ ಮಾತು ಅಳಿಸಿ ಹೊಸ ಮಾತು ಕೂರುವುದು.

"ಇದು ತೊಂಬತ್ತೊಂದರದ್ದು," ಅಂದರು ಕಾಕಾ. "ಉತ್ತರ ತುಂಬಿಸಿದೆ. ತಗೊಂಡು ಹೋಗುವವನ ವಿಮಾನ ಕ್ಯಾನ್ಸಲ್ ಆಯ್ತು. ಹದಿನೈದು ದಿನಕ್ಕೆ ನನಗೇ ರಜೆ ಸಿಕ್ಕಿತು. ಮತ್ತೆ ಇದನ್ನು ಕಳಿಸುದೆಂತಕ್ಕೆ? ಇಲ್ಲೇ ಉಳೀತು."

ಗುಂಡಿ ಒತ್ತಿದರು. ಕರಕರ ಶಬ್ದದ ಹಿಂದೆ ಒಬ್ಬ ತರುಣನ ದನಿ ಬಂತು. ಬ್ಯಾರಿ ಭಾಷೆ ನನಗೆ ತಿಳಿಯುವುದಿಲ್ಲ. ನಡುನಡುವೆ ಹಾಲಿನ ಪುಡಿ, ಟಾರ್ಚು, ಕೊಡೆ ಎಂಬಂಥ ಸಾಮಾನಿನ ಹೆಸರು ಮಾತ್ರ ಹಿಡಿಯಿತು. ಯಾರಿಗೆ ಏನು ತರಬೇಕೆಂಬ ಪಟ್ಟಿ ಇರಬೇಕು. ಆ ದನಿಯಲ್ಲಿ ಅವಸರವಿತ್ತು, ನಗುವಿತ್ತು. ಆ ದನಿಯ ಒಡೆಯ ನನ್ನೆದುರು ಟೀ ಸೋಸುವ ಜಾಲರಿ ತಿಕ್ಕುತ್ತ, ಟೇಪು ಸರಿಯಾಗಿ ತಿರುಗುತ್ತಿದೆಯೇ ಎಂದಷ್ಟೇ ನೋಡುತ್ತಿದ್ದರು.

ಇಪ್ಪತ್ತು ನಿಮಿಷವಾದ ಮೇಲೆ ಟಕ್ ಎಂದು ತರುಣನ ದನಿ ನಿಂತಿತು. ಕಾಕಾ ನಿಲ್ಲಿಸಲು ಒದ್ದೆ ಕೈ ಚಾಚಿದರು. ಅಷ್ಟರಲ್ಲಿ ಅರ್ಧ ಮಾತಿನಿಂದ ಒಂದು ಹೆಣ್ಣು ದನಿ ಶುರುವಾಯಿತು. ತಗ್ಗಿಸಿದ, ಎಳೆಯ ದನಿ. ಕಾಕಾನ ಕೈ ಗುಂಡಿಯ ಮೇಲೆಯೇ ನಿಂತಿತು.

ನನಗೆ ಹಿಡಿದದ್ದು ಮೂರೇ ಪದ. ಅಂಗನವಾಡಿ, ಎಸ್ಸೆಸ್ಸೆಲ್ಸಿ, ಪೆನ್ನು. ಹಿಂದೆ ಎಲ್ಲೋ ಒಂದು ಮಗು ಕೆಮ್ಮಿತು. ಐದಾರು ನಿಮಿಷಕ್ಕೆ ಟೇಪು ಮುಗಿಯಿತು.

ಕಾಕಾ ಟೇಪನ್ನು ಹಿಂದಕ್ಕೆ ತಿರುಗಿಸಿ ಆ ಹೆಣ್ಣು ದನಿಯನ್ನು ಮತ್ತೆ ಕೇಳಿದರು. ಮೂರು ಸಲ ಕೇಳಿದರು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಯಾರ್ರಿ ಕಾಕಾ ಅದು?"

"ಸೌದಾ." ಕೈ ಒರೆಸಿಕೊಂಡರು. "ನಂದು ಸಣ್ಣ ಉತ್ತರ, ಅವಳದ್ದು ಉದ್ದ ಇತ್ತು. ನಾನು ನಿಲ್ಲಿಸಿದಲ್ಲಿಂದ ಮುಂದೆ ಅವಳದ್ದು ಅಳಿಸಿಲ್ಲ."

"ಇದನ್ನ ಆಗ ಕೇಳಿದ್ದಿಲ್ಲೇನು?"

ಕೇಳಿರಲಿಲ್ಲ. ರೂಮಿನಲ್ಲಿ ಒಂಬತ್ತು ಜನ, ಟೇಪ್‌ರೆಕಾರ್ಡರ್ ಒಂದೇ. ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದ ಮೇಲೆ ಸರದಿ. ಹೆಂಡತಿಯ ಮಾತನ್ನು ಎಲ್ಲರೆದುರು ಕೇಳಲಾಗದು, ಹಾಗಾಗಿ ಒಬ್ಬೊಬ್ಬರೇ ಅದನ್ನು ಎತ್ತಿಕೊಂಡು ಮಹಡಿಯ ಮೆಟ್ಟಿಲಿಗೆ ಹೋಗುತ್ತಿದ್ದರು. ಆವತ್ತು ಸರದಿಗೆ ಕಾದಿದ್ದವನು ಮೆಟ್ಟಿಲಿನ ಬಾಗಿಲು ಬಡಿದ, ಕ್ಯಾಸೆಟ್ ಒಯ್ಯುವವನು ಮರುದಿನ ಬೆಳಿಗ್ಗೆ ಹೊರಡುವವನಿದ್ದ. ಕಾಕಾ ಮುಕ್ಕಾಲು ಕೇಳಿ, ಮತ್ತೇನಿರುತ್ತದೆ, ನೆರೆಹೊರೆಯ ಸುದ್ದಿ ತಾನೇ ಎಂದುಕೊಂಡು ಹಿಂದಕ್ಕೆ ತಿರುಗಿಸಿ ಉತ್ತರ ತುಂಬಿಸಿದರು.

ನನಗೆ ಸಿಟ್ಟು ನೆತ್ತಿಗೇರಿತು. ಮನೆಯ ಸೊಸೆಯಾದವಳು ಕ್ಯಾಸೆಟ್ ತುಂಬಿಸುವಾಗ ಅತ್ತೆ, ನಾದಿನಿ ಎಲ್ಲ ಸುತ್ತ ಕೂತಿರುತ್ತಾರೆ. ಅವರೆಲ್ಲ ಎದ್ದು ಹೋದ ಮೇಲೆ ತಾನೇ ಅವಳು ತನ್ನ ಮಾತು ಆಡುವುದು? ಅಷ್ಟು ತಿಳಿಯಬಾರದೇ? ಬೈಯಲು ಬಾಯಿ ತೆರೆದವಳಿಗೆ ನನ್ನವ್ವ ನೀಲಕ್ಕ ನೆನಪಾದಳು. ವಾರಕ್ಕೆರಡು ಸಲ ಅವಳು ಕಳಿಸುವ ವಾಯ್ಸ್ ಮೆಸೇಜನ್ನು ನಾನು ದುಪ್ಪಟ್ಟು ವೇಗಕ್ಕೆ ಹಾಕಿ, ಅರ್ಧಕ್ಕೇ ಹೂಂ ಎಂದು ಬರೆದು ಕಳಿಸುತ್ತೇನೆ. ಬೈಯುವ ಬದಲು ಕೇಳಿದೆ.

"ಏನಂತಾರ್ರಿ ಚಿಗವ್ವ?"

ಕಾಕಾ ಕನ್ನಡದಲ್ಲಿ ಹೇಳಿದರು. ಒಂದೊಂದೇ ಮಾತು, ಬೇರೆ ಯಾರದೋ ಕಾಗದ ಓದಿ ಹೇಳುವವರ ಹಾಗೆ. "ಮನೆ ಹತ್ರ ಅಂಗನವಾಡಿ ಆಗ್ತದಂತೆ. ಟೀಚರ್ ಕೆಲಸಕ್ಕೆ ಎಸ್ಸೆಸ್ಸೆಲ್ಸಿ ಬೇಕಂತೆ. ಅವಳು ಒಂಬತ್ತು ಓದಿದ್ದು. ಮನೆಯಲ್ಲೇ ಓದಿ ಪರೀಕ್ಷೆಗೆ ಕಟ್ಟಲಾ ಅಂತ ಕೇಳಿದ್ದಾಳೆ. 'ನಿಮ್ಮ ಉಮ್ಮನ ಎದುರು ಈ ಮಾತು ಬೇಡ. ಹೂಂ ಅಂತಾದ್ರೆ ಬರುವಾಗ ನನಗೊಂದು ಹೀರೋ ಪೆನ್ನು ತನ್ನಿ, ನಾನು ಅರ್ಥ ಮಾಡ್ಕೊಳ್ತೇನೆ. ಬೇಡ ಅಂತಾದ್ರೆ ತರಬೇಡಿ. ನಾನು ಮತ್ತೆ ಕೇಳುದಿಲ್ಲ.' ಅಷ್ಟೇ."

"ಒಯ್ದಿದ್ರೇನು ಪೆನ್ನು?"

"ಇಲ್ಲ."

ಕ್ಯಾಸೆಟ್ ಹೊರತೆಗೆಯುತ್ತ ತಾವಾಗಿಯೇ ಮಾತು ಮುಂದುವರಿಸಿದರು. ಗಲ್ಫಿನ ಪೆಟ್ಟಿಗೆ ಬಿಚ್ಚುವಾಗ ಮನೆಯವರೆಲ್ಲ ಸುತ್ತ ಕೂರುವುದು ಪದ್ಧತಿ. ಆ ಸಲ ಉಮ್ಮನಿಗೆ ನೋವಿನ ಎಣ್ಣೆ, ತಂಗಿಯರಿಗೆ ಸೀರೆ, ಸೌದಾಗೆ ಸೀರೆ, ಸೆಂಟು ಎಲ್ಲ ತೆಗೆದರು. ಸೌದಾ ಸೀರೆ ತೆಗೆದುಕೊಂಡು ಬದಿಗಿಟ್ಟಳು. ಪೆಟ್ಟಿಗೆ ಬರಿದಾದ ಮೇಲೆ ಮುಂದೆ ಬಂದು, ತಳಕ್ಕೆ ಹಾಸಿದ್ದ ಪೇಪರ್ ಎತ್ತಿ ನೋಡಿದಳು.

"ನಾನು ಎಲ್ಲರೆದುರು ಹೇಳಿದೆ, ಇಷ್ಟು ತಂದದ್ದು ಸಾಲದಾ ನಿನಗೆ ಅಂತ. ಎಲ್ಲ ನಗಾಡಿದ್ರು. ಅವಳೂ ನಗಾಡಿದಳು."

ಅಷ್ಟರಲ್ಲಿ ಮ್ಯಾನೇಜರ್ ಟೀ ಕೇಳಿ ಫೋನ್ ಮಾಡಿದರು. ಕಾಕಾ ಟ್ರೇ ಹಿಡಿದು ಹೋದರು. ಒಂದು ಹನಿಯೂ ಚೆಲ್ಲಲಿಲ್ಲ.

ಸೌದಾ ಪರೀಕ್ಷೆ ಕಟ್ಟಲಿಲ್ಲ. ಆ ಕೆಲಸ ಬೇರೆ ಯಾರಿಗೋ ಸಿಕ್ಕಿತು. ಮೂವತ್ತಮೂರು ವರ್ಷದಲ್ಲಿ ಅವಳು ಆ ವಿಷಯ ಎತ್ತಲೂ ಇಲ್ಲ. ಈಗಲೇ ಫೋನ್ ಹಚ್ಚಿ ಹೇಳಿರಿ ಎಂದು ನಾನು ಎರಡು ದಿನ ಕಾಕಾನ ಬೆನ್ನು ಹತ್ತಿದೆ. "ಫೋನಿನಲ್ಲಿ ಹೇಳುದಲ್ಲ ಅದು," ಅಂದರು. ಮೂರನೆಯ ದಿನ ಅಲ್ ಮನ್ಸೂರಾದ ಒಂದು ಸ್ಟೇಶನರಿ ಅಂಗಡಿಯಿಂದ ಹಸಿರು ಮೈ, ಚಿನ್ನದ ಬಣ್ಣದ ಮುಚ್ಚಳದ ಹೀರೋ ಪೆನ್ನು ತಂದು ನನಗೆ ತೋರಿಸಿದರು. ನನ್ನ ನೋಟ್‌ಬುಕ್ಕಿನ ಮೇಲೆ ಒಂದು ಗೆರೆ ಎಳೆದು, ಶಾಯಿ ಬರುತ್ತದೆ ಎಂದು ಖಾತ್ರಿ ಮಾಡಿಕೊಂಡರು.

ಕೊನೆಯ ದಿನ ಆಫೀಸಿನಲ್ಲಿ ಕೇಕ್ ಕತ್ತರಿಸಿದೆವು. ಯಾರೋ ಭಾಷಣ ಮಾಡಿದರು. ಕಾಕಾ ತಾವೇ ಎಲ್ಲರಿಗೂ ಪೇಪರ್ ತಟ್ಟೆ ಹಂಚಿ, ತಾವೇ ತಟ್ಟೆ ಎತ್ತಿದರು. ಸಂಜೆ ನನ್ನ ಮೇಜಿನ ಮೇಲೆ ಹೊಸ ಪ್ಲೇಯರ್, ಹಾಡಿನ ಹನ್ನೊಂದೂ ಕ್ಯಾಸೆಟ್ ಇಟ್ಟರು. ಹೆಸರು ಬರೆಯದ ಕ್ಯಾಸೆಟ್ ಮಾತ್ರ ಅದರಲ್ಲಿ ಇರಲಿಲ್ಲ.

"ಇದಿಲ್ಲದನ ಜಗಲಿ ಮ್ಯಾಲ ಹೆಂಗ ಕೂಡ್ತೀರಿ ಕಾಕಾ?"

"ಸುಮ್ಮನೆ ಕೂತ್ಕೊಳ್ತೇನೆ," ಅಂದರು.

ಹದಿನೈದು ದಿನ ಕಾದು ನಾನೇ ಫೋನ್ ಮಾಡಿದೆ. ಕೇಳಬೇಕಾದ್ದನ್ನು ನೇರವಾಗಿ ಕೇಳಿದೆ.

"ಪೆನ್ನು ಕೊಟ್ರ್ಯಾ?"

"ಕೊಟ್ಟೆ. ಪೆಟ್ಟಿಗೆ ಬರಿದಾದ ಮೇಲೆ, ಅಡಿಯ ಪೇಪರ್ ಎತ್ತು ಅಂದೆ. ಎತ್ತಿದಳು."

"ಏನಂದ್ರು?"

"ಮುಚ್ಚಳ ತೆಗೆದು ನೋಡಿದಳು. ಮತ್ತೆ ಕೇಳಿದಳು, ಆಗ ಯಾಕೆ ತರಲಿಲ್ಲ ಅಂತ. ಸುಳ್ಳು ಹೇಳಬಹುದಿತ್ತು. ನಿಜ ಹೇಳಿದೆ, ಕೊನೆವರೆಗೆ ಕೇಳಿರಲಿಲ್ಲ ಅಂತ."

"ಸಿಟ್ಟಾದ್ರೇನು?"

"ಇಲ್ಲ." ಫೋನಿನಲ್ಲಿ ಹಿಂದೆಲ್ಲೋ ಕಾಗೆ ಕೂಗಿತು. "ನೀವು ಬೇಡ ಅಂದ್ರಿ ಅಂತ ತಿಳ್ಕೊಂಡು ಇಷ್ಟು ವರ್ಷ ಕೋಪದಲ್ಲಿ ಇದ್ದೆ, ಅಂದಳು. ಕೇಳಲೇ ಇಲ್ಲ ಅಂತ ಮೊದಲೇ ಗೊತ್ತಿದ್ರೆ ಇನ್ನೊಮ್ಮೆ ಕೇಳ್ತಿದ್ದೆ, ಅಂದಳು."

ಈಗಾದರೂ ಪರೀಕ್ಷೆ ಕಟ್ಟಬಹುದಲ್ಲ, ವಯಸ್ಸಿನ ಮಿತಿ ಇಲ್ಲವಲ್ಲ ಎಂದೇನೋ ಹೇಳಲು ಹೊರಟೆ. ಆ ಕಡೆ ಒಳಗಿನಿಂದ ಒಬ್ಬ ಹೆಂಗಸು ಕರೆದದ್ದು ಕೇಳಿತು. ಅದೇ ದನಿ, ದಪ್ಪಗಾಗಿತ್ತು. "ಬಂದೆ," ಎಂದು ಕಾಕಾ ನನ್ನ ಮಾತಿನ ನಡುವೆಯೇ ಫೋನ್ ಇಟ್ಟರು.