ತಂಗಮ್ಮನ ಹಿಂದೆ ಸೇರಿದ ಪ್ರಶ್ನೆ

ತಿರುಮಲೇಶ್ವರ ಅವರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಸಂಶಯಪಡುವುದಕ್ಕೆ ಆಗ ಸರ್ಕಾರ ಸಂಬಳ ಕೊಡುತ್ತಿತ್ತು. ಈಗ ಅದೇ ಸೇವೆಯನ್ನು ಊರಿಗೆ ಉಚಿತವಾಗಿ ಸಲ್ಲಿಸುತ್ತಿದ್ದಾರೆ. ಕಂಡಕ್ಟರ್ 'ಪಾಲಿಬೆಟ್ಟ' ಎಂದು ಗಂಟಲು ಹರಿಯುವಂತೆ ಕೂಗಿದರೂ ಬೋರ್ಡ್ ಓದಿಯೇ ಬಸ್ ಹತ್ತುತ್ತಾರೆ, ಹತ್ತಿ ಕೂತ ಮೇಲೆ ಪಕ್ಕದವರನ್ನೂ ಕೇಳುತ್ತಾರೆ.

ಪಾಲಿಬೆಟ್ಟದ ಆಚೆ ಒಂದು ಕಾಫಿ ಎಸ್ಟೇಟಿನೊಳಗಿರುವ ಗಣಪತಿ ಗುಡಿಯಲ್ಲಿ ಬೆಳಗಿನ ಪೂಜೆ ಅವರದು. ಗೇಟಿನಿಂದ ಗುಡಿಗೆ ಹೋಗುವ ದಾರಿ ಕಾಫಿ ಹಣ್ಣು ಕೀಳುವ ಪಿಕ್ಕಿಂಗಿನ ಹೆಂಗಸರದೂ ಹೌದು, ಆನೆಗಳದೂ ಹೌದು. ಆನೆ ಎಲ್ಲಿದೆ ಎಂದು ನೋಡಲು ವಾಚರ್ ಮಂಜೇಶ ಬೆಳಕು ಹರಿಯುವಾಗಲೇ ತೋಟದೊಳಗಿರುತ್ತಾನೆ. ಮೊದಲು ಎಲ್ಲರೂ ಅವನಿಗೇ ಫೋನ್ ಮಾಡುತ್ತಿದ್ದರು. ಪ್ರತಿ ಫೋನಿಗೂ ಅವನು ಆನೆಯ ಮೇಲಿನ ಕಣ್ಣು ತೆಗೆಯಬೇಕು. ಅದೇ ಹೊತ್ತಿಗೆ ಆನೆ ತಿರುಗಿದರೆ ಮಂಜೇಶನ ಕಥೆ ಮುಗಿಯಿತು.

ಅದಕ್ಕೇ ತಿರುಮಲೇಶ್ವರರ ತಂಗಿಯ ಮಗಳು ವಿಭಾ, ವೆಬ್‌ಸೈಟ್ ಕಟ್ಟುವ ಕೆಲಸದವಳು, ಒಂದು ಪುಟ ಮಾಡಿಕೊಟ್ಟಳು. ಅದರಲ್ಲಿ 'ಆನೆ ಎಲ್ಲಿ' ಎಂದು ಒಂದೇ ಹೊತ್ತಿಗೆ ಎಷ್ಟು ಜನ ಕೇಳಿದರೂ ಸರ್ವರ್ ಮಂಜೇಶನ ಫೋನಿಗೆ ಒಂದೇ ಪ್ರಶ್ನೆ ಕಳಿಸುತ್ತದೆ. ಬಂದ ಉತ್ತರವನ್ನು ಎಲ್ಲರಿಗೂ ಹಂಚಿ, ಸ್ವಲ್ಪ ಹೊತ್ತು ಕ್ಯಾಶ್ ಎಂಬ ತಾತ್ಕಾಲಿಕ ನೆನಪಿನಲ್ಲಿ ಇಟ್ಟುಕೊಂಡು, ಹಳಸುವ ಮುಂಚೆ ಎಸೆದುಬಿಡುತ್ತದೆ.

"ಹಾಗಾದ್ರೆ ನನ್ನ ಪ್ರಶ್ನೆ ಅವನಿಗೆ ಹೋಗಲೇ ಇಲ್ಲ?" ಎಂದರು ತಿರುಮಲೇಶ್ವರರು, ಮೊದಲ ದಿನ ಪುಟದಲ್ಲಿ ಕೇಳಿ ನೋಡಿದ ಮೇಲೆ.

"ಹೋಯ್ತು ಮಾವ. ತಂಗಮ್ಮ ಮೊದಲು ಕೇಳಿದ್ರು, ನಿಮ್ಮದು ಅದರ ಜೊತೆ ಸೇರ್ತು."

"ಯಾವ ತಂಗಮ್ಮ?"

"ತೋಟದ ಕೂಲಿಯವರ ಲೈನ್ ಮನೆಯವರು. ಪಿಕ್ಕಿಂಗಿಗೆ ಬರ್ತಾರಲ್ಲ."

"ನಾನು ಅವಳ ಹಿಂದೆ ಸೇರಿದೆನಾ?"

"ನೀವಲ್ಲ ಮಾವ, ನಿಮ್ಮ ಪ್ರಶ್ನೆ."

ಮಾವನಿಗೆ ಎರಡರ ನಡುವೆ ಅಂಥ ವ್ಯತ್ಯಾಸ ಕಾಣಲಿಲ್ಲ. ತನಿಖೆ ಶುರುವಾಯಿತು. ತಮ್ಮ ಫೋನಿನಲ್ಲಿ ಕೇಳಿದರು, ಹೆಂಡತಿಯ ಫೋನಿನಲ್ಲೂ ಕೇಳಿದರು. ಎರಡರಲ್ಲೂ 'ಆನೆ ಕೆರೆ ಏರಿ ಮೇಲೆ' ಎಂದೇ ಬಂತು. ಇಬ್ಬರು ಸಾಕ್ಷಿಗಳು ಅಕ್ಷರ ತಪ್ಪದೆ ಒಂದೇ ಮಾತು ಹೇಳಿದರೆ ಯಾರೋ ಹೇಳಿಕೊಟ್ಟಿದ್ದಾರೆಂದೇ ಅರ್ಥ ಎಂಬುದು ಅವರ ಕಚೇರಿಯ ಅನುಭವ.

ಪುಟದಲ್ಲಿ 'ವಿವರ' ಎಂಬ ಖಾಲಿ ಜಾಗವಿತ್ತು. ಮರುದಿನ ಅಲ್ಲಿ ಬರೆದರು: 'ಕೇಳುತ್ತಿರುವವರು ತಿರುಮಲೇಶ್ವರ, ನಿವೃತ್ತ ಶಿರಸ್ತೇದಾರರು.' ಒಂದಕ್ಷರ ಬೇರೆಯಾದರೂ ಸರ್ವರ್‌ಗೆ ಅದು ಬೇರೆಯೇ ಪ್ರಶ್ನೆ. ಅದು ಪ್ರತ್ಯೇಕವಾಗಿ ಮಂಜೇಶನಿಗೆ ಹೋಯಿತು, ಪ್ರತ್ಯೇಕವಾಗಿ ಉತ್ತರವೂ ಬಂತು: 'ಕೆರೆ ಹತ್ರಾನೇ ಸಾರ್.'

ಆ 'ಸಾರ್' ಅನ್ನು ಅವರು ಗೇಟಿನ ಬಳಿ ಎಲ್ಲರಿಗೂ ತೋರಿಸಿದರು. ವಾರ ಕಳೆಯುವುದರೊಳಗೆ ಮಾಜಿ ಸುಬೇದಾರರು ರೆಜಿಮೆಂಟ್ ಬರೆದರು, ಸೊಸೈಟಿ ಡೈರೆಕ್ಟರು ಹುದ್ದೆ ಬರೆದರು, ಉಳಿದವರು ಮನೆತನದ ಹೆಸರು ಬರೆದರು. ತಂಗಮ್ಮನೂ ಬಿಡಲಿಲ್ಲ: 'ತಂಗಮ್ಮ, ಎರಡನೇ ಲೈನ್.' ಮಂಜೇಶನ ಜೇಬಿನ ಫೋನು ಬೆಳಗೆಲ್ಲ ನಡುಗತೊಡಗಿತು.

ಒಂದು ದಿನ ಗೇಟಿನಲ್ಲಿ ಕಾಯುತ್ತಿದ್ದ ಯಾರಿಗೂ ಉತ್ತರ ಬರಲಿಲ್ಲ.

"ಮಲಗಿರ್ತಾನೆ. ನನಗೆ ಮೊದಲೇ ಅನುಮಾನ ಇತ್ತು," ಎಂದರು ತಿರುಮಲೇಶ್ವರರು.

ತೋಟದೊಳಗೆ ಕೊಂಬೆ ಮುರಿದ ಸದ್ದು. ಹಿಂದೆಯೇ ಆನೆಯ ಘೀಳು. ಸ್ವಲ್ಪ ಹೊತ್ತಿಗೆ ಮಂಜೇಶ ಹರಿದ ಅಂಗಿಯಲ್ಲಿ ಓಡಿ ಬಂದು ಗೇಟಿನ ಬುಡದಲ್ಲಿ ಕುಸಿದ. ತಂಗಮ್ಮ ನೀರು ಕುಡಿಸಿದಳು.

"ಏನಾಯ್ತೋ?" ಎಂದರು ತಿರುಮಲೇಶ್ವರರು.

"ಉತ್ತರ ಒತ್ತುತಾ ಇದ್ದೆ ಸಾರ್. ತಲೆ ಎತ್ತಿದ್ರೆ ಮರಿ ಈಚೆ, ತಾಯಿ ಆಚೆ, ಮಧ್ಯೆ ನಾನು."

"ಯಾರಿಗೆ ಉತ್ತರ?"

ಮಂಜೇಶ ನೀರಿನ ಬಾಟಲಿ ನೋಡಿದ. "ನಿಮ್ಗೇ ಸಾರ್. ಅದು ಮುಗ್ಸಿ ಸುಬೇದಾರ್ ಸಾಹೇಬ್ರದ್ದು ಶುರು ಮಾಡ್ಬೇಕಿತ್ತು."

"ಇನ್ನೊಬ್ರು ಸಾಹೇಬ್ರು ಕೇಳಿದ್ರೆ ಇವ್ನು ಹೋಗೇಬಿಡ್ತಿದ್ದ ಸಾಮಿ," ಎಂದಳು ತಂಗಮ್ಮ.

ವಿಭಾ ಅವತ್ತೇ 'ವಿವರ'ದ ಜಾಗ ತೆಗೆದು ಒಂದೇ ಒಂದು ಬಟನ್ ಉಳಿಸಿದಳು. ಮಾವ ತಕರಾರು ಮಾಡಲಿಲ್ಲ. ಅನುಮಾನಪಡುವ ಸರದಿ ಈಗ ಅವಳದಾಯಿತು.

ಮರುದಿನ ಗೇಟಿನಲ್ಲಿ ತಂಗಮ್ಮ ಬಟನ್ ಒತ್ತಿದಳು. ತಿರುಮಲೇಶ್ವರರು ಅವಳ ಭುಜದ ಮೇಲಿಂದ ಇಣುಕಿ ಓದಿದರು.

"ಇದು ಈಗಿಂದೇನಾ?"

"ಈಗಿಂದೇ ಸಾಮಿ."

ಸುಬೇದಾರರು ಮಂಜೇಶನಿಗೇ ನೇರವಾಗಿ ಫೋನ್ ಮಾಡಲು ಹೊರಟಿದ್ದರು.

"ತಂಗಮ್ಮ ಕೇಳಿ ಆಯ್ತು. ಒಳಗಿಡಿ," ಎಂದರು ತಿರುಮಲೇಶ್ವರರು.

"ನಾನು ಬೇರೆ ಕೇಳ್ಬಾರ್ದಾ?"

"ಅವನು ಆನೆ ಮುಂದೆ ನಿಂತಿದ್ದಾನೆ ಸುಬೇದಾರ್ರೆ. ಒಳಗಿಡಿ."

ಸುಬೇದಾರರು ಫೋನ್ ಜೇಬಿಗಿಟ್ಟರು. ತಿರುಮಲೇಶ್ವರರು ಅದನ್ನೂ ನಂಬಲಿಲ್ಲ. ಹೊರಗೆ ತೆಗೆಸಿ, ಆಫ್ ಆಗಿದೆಯೇ ಎಂದು ನೋಡಿ, ಮತ್ತೆ ಒಳಗಿಡಿಸಿದರು.