ಪಿಸ್ತೂಲು ಹಿಡಿದ ಅರ್ಥಧಾರಿ

ಟಿವಿಯಲ್ಲಿ ಪ್ಯಾಂಟು ತೊಟ್ಟು ಪಿಸ್ತೂಲು ಹಿಡಿದವನು ನಾನೂರು ವರ್ಷ ಹಳೆಯ ಇಂಗ್ಲಿಷಿನಲ್ಲಿ ಮಾತಾಡಿದ್ದೇ ತಡ, ಕಾರ್ಕಳದ ನಮ್ಮ ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಪಾಠದ ನಾಟಕ ಅರ್ಥವಾಗಲೆಂದು ಅದರ ಹೊಸ ಸಿನಿಮಾದ ಸಿ.ಡಿ.ಯನ್ನು ಮಣಿಪಾಲದಿಂದ ತಂದಿದ್ದ ಇಂಗ್ಲಿಷ್ ಟೀಚರ್ ಬೇಸರದಿಂದ ಟಿವಿ ಆರಿಸಲು ಎದ್ದರು.

ಟಿವಿ ಹೊತ್ತು ತಂದು ಬಾಗಿಲಲ್ಲೇ ನಿಂತಿದ್ದ ಪ್ಯೂನ್ ಶೀನಣ್ಣ ನಮ್ಮತ್ತ ತಿರುಗಿದರು. "ಎಂತ ಮಕ್ಕಳೇ ನಗುವುದು? ತಾಳಮದ್ದಳೆಯಲ್ಲಿ ನಾನು ಯಕ್ಷಗಾನದ ವೇಷ ಕಟ್ಟದೆ ಇದೇ ಅಂಗಿ, ಇದೇ ವಾಚಿನಲ್ಲಿ ಕೂತು ಮಹಾರಾಜನಾಗಿ ಅರ್ಥ ಹೇಳುವುದಿಲ್ವಾ? ಆಗ ನೀವು ನಕ್ಕದ್ದುಂಟಾ?"

ಟೀಚರ್ ಮತ್ತೆ ಕುಳಿತರು. ಕೊನೆಯ ದೃಶ್ಯಕ್ಕೆ ಹಿಂದಿನ ಬೆಂಚಿನವರೂ ಕಣ್ಣೊರೆಸಿಕೊಂಡರು.

ಈಗಲೂ ತಾಳಮದ್ದಳೆಗೆ ಹೋದರೆ ನನ್ನ ಕಣ್ಣು ಮೊದಲು ಅರ್ಥಧಾರಿಗಳ ಸೊಂಟದತ್ತ ಹೋಗುತ್ತದೆ, ಎಲ್ಲಾದರೂ ಪಿಸ್ತೂಲು ಉಂಟೋ ಎಂದು.