ಸಾಕು ಎನ್ನಬೇಕಾದವನು ನಾನು

ವಿನಯ, ಜಿಮ್ಮಿನ ಪೌಡರ್ ತಿಂದು ನಿನ್ನ ಕಿಡ್ನಿ ಹೋಯಿತೆಂದು ಶಿರಸಿಯಲ್ಲಿ ಎಲ್ಲರೂ ಹೇಳುತ್ತಾರೆ. ಯಾರು ನೋಡಿದ್ದಾರೆ? ಯಾವ ಡಬ್ಬಿ? ನೀನು ಜಿಮ್ಮಿಗೆ ಹೋಗುತ್ತಿದ್ದುದು ನಿಜ, ಪೌಡರ್ ಮುಟ್ಟಿದವನೇ ಅಲ್ಲ. ಬೇರೆ ಯಾರ ವಿಷಯದಲ್ಲಾದರೂ ಇಷ್ಟು ಸಡಿಲ ವಾದವನ್ನು ಒಂದೇ ಮಾತಿಗೆ ಕೆಡವುತ್ತಿದ್ದೆ. ಇದನ್ನು ಮಾತ್ರ ಬೆಳೆಯಲು ಬಿಟ್ಟೆ — ಏಕೆಂದರೆ ನಿನ್ನನ್ನು ಆಸ್ಪತ್ರೆಯ ಹಾಸಿಗೆಗೆ ಕೆಡವಿದ್ದು ನಾನು.

ಕಾಲೇಜಿನ ಚರ್ಚಾ ತಂಡದಲ್ಲಿದ್ದಾಗ ನಾವಿಬ್ಬರೇ ಮಾಡಿಕೊಂಡ ನಿಯಮ: ಸೋತವನು ಬಸ್ಕಿ ಹೊಡೆಯಬೇಕು, ಗೆದ್ದವನು ‘ಸಾಕು’ ಎನ್ನುವವರೆಗೆ. ಆಗೆಲ್ಲ ಹತ್ತಿಪ್ಪತ್ತಕ್ಕೇ ನಗು ಬಂದು ಮುಗಿಯುತ್ತಿತ್ತು. ಆ ಭಾನುವಾರ ಯಲ್ಲಾಪುರದ ನನ್ನ ಬಾಡಿಗೆ ಕೋಣೆಯಲ್ಲಿ ಮಧ್ಯಾಹ್ನದಿಂದಲೇ ಕಡುಗೆಂಪು ಮುರುಗಲು ಶರಬತ್ತಿಗೆ ರಮ್ ಬೆರೆಸಿ ಕುಡಿಯುತ್ತಿದ್ದೆವು. ವಾದ ಯಾವುದರ ಮೇಲೆ ಹತ್ತಿತೋ — ನೆನಪಿಲ್ಲ, ನಿಜವಾಗಿಯೂ ಇಲ್ಲ. ಸೋತದ್ದು ನೀನು. ನೀನು ದಣಿದಾಗಲೆಲ್ಲ ನಾನು ಲೋಟ ತುಂಬಿ ಕೊಟ್ಟೆ, ಎಣಿಕೆ ಮುನ್ನೂರು ದಾಟಿದರೂ ಮತ್ತೆ ಹೊಡೆಸಿದೆ.

“ಸಾಕು ಹೇಳಾ, ಮಾರಾಯ!” ನೀನು ಗೋಡೆ ಹಿಡಿದು ನಗುತ್ತಿದ್ದೆ.

“ಸೋತವಂಗೆ ಬಾಯಿಲ್ಲೆ,” ಎಂದೆ ನಾನು.

ಮರುದಿನ ಬೆಳಿಗ್ಗೆ ನಿನ್ನ ತೊಡೆಗಳು ಕಲ್ಲಾಗಿದ್ದವು. ಬಚ್ಚಲಿಗೆ ಹೋಗಿ ಬಂದವನ ಮುಖ ಬಿಳಿಚಿಕೊಂಡಿತ್ತು. “ಉಚ್ಚೆ ಕರೀ ಚಾದ ಹಂಗೆ ಹೋಗ್ತಾ ಇದ್ದು. ಆಸ್ಪತ್ರೆಗೆ ಹೋಪನ?”

“ಶರಬತ್ತಿನ ಬಣ್ಣ ಅದು! ಬಸ್ಕಿ ಹೊಡೆದು ಯಾರಾದ್ರೂ ಸತ್ತಿದ್ವ? ಒಂದು ಉದಾಹರಣೆ ಕೊಡು ನೋಡನ.”

ನಿನ್ನ ಬಳಿ ಉದಾಹರಣೆ ಇರಲಿಲ್ಲ. ನೀನು ಸುಮ್ಮನೆ ಮಲಗಿಕೊಂಡೆ. ಗೆದ್ದೆನೆಂದು ನಾನು ಚಹಾ ಕಾಸಿದೆ — ಹೌದು, ಚಹಾ.

ಅದರ ಮಾರನೆಯ ಸಂಜೆಗೆ ಉಚ್ಚೆಯೇ ನಿಂತುಹೋಯಿತು; ಆಗ ನಿನ್ನನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ದೆ. ಸ್ನಾಯುಗಳು ಒಡೆದು ರಕ್ತಕ್ಕೆ ಸೇರಿ ಕಿಡ್ನಿಯನ್ನು ಕೆಡಿಸಿವೆ, ಕುಡಿತ ಅದಕ್ಕೆ ಕೈಜೋಡಿಸಿದೆ ಎಂದರು ಅಲ್ಲಿನ ಡಾಕ್ಟರು. ಬಸ್ಕಿಯಿಂದ? ಶಾಲೆಯಲ್ಲಿ ಮೇಷ್ಟ್ರು ಹೊಡೆಸುತ್ತಿದ್ದ ಅದೇ ಬಸ್ಕಿಯಿಂದ? ಇವತ್ತಿಗೂ ನಂಬಲಾಗುತ್ತಿಲ್ಲ, ವಿನಯ.

“ಮೊದಲ ಯಾಕ ಕರಕೊಂಡ ಬರಲಿಲ್ರಿ?” ಅವರು ಕೇಳಿದ್ದು ನನ್ನನ್ನು. ಪರ-ವಿರೋಧ ಎರಡೂ ಕಡೆ ಗಂಟೆಗಟ್ಟಲೆ ಮಾತಾಡುವ ನಾನು ನಿನ್ನ ಹೊದಿಕೆ ಸರಿಮಾಡತೊಡಗಿದೆ. ಹಾಸಿಗೆಯಿಂದ ನೀನು ಹೇಳಿದೆ: “ನಾನೇ ಬರಲ್ಲ ಅಂದಿದ್ದೆ, ಡಾಕ್ಟ್ರೇ.”

ಆ ಸುಳ್ಳನ್ನು ನಾನು ತಿದ್ದಲಿಲ್ಲ. ನೀನು ಈಗಲೂ ಡಯಾಲಿಸಿಸ್‌ಗೆ ಹೋಗುತ್ತಿದ್ದೀಯ. ಜಿಮ್ಮಿನವನು ಜನರ ಮಾತಿಗೆ ಬೇಸತ್ತು ಬಾಗಿಲು ಹಾಕಿದ. ನಾಳೆ ನಿನ್ನ ಹೆತ್ತ ಆಯಿಯ ಎದುರು ಕುಳಿತು ಇದಿಷ್ಟನ್ನೂ ಹೇಳುತ್ತೇನೆ. ಅದಕ್ಕೂ ಮೊದಲು ನಿನ್ನನ್ನು ಒಂದು ಮಾತು ಕೇಳಬೇಕು — ಆ ಬೆಳಿಗ್ಗೆ ನನ್ನ ವಾದ ನಿನಗೆ ನಿಜವಾಗಿ ಒಪ್ಪಿಗೆಯಾಗಿತ್ತೇ, ಅಥವಾ ಸೋತವನಿಗೆ ಬಾಯಿಲ್ಲವೆಂದು ಸುಮ್ಮನಾದೆಯಾ?